ತೊಟ್ಟಿಮನೆ ಫೋಟೊದಿಂದ ಕ್ಯೂಬಿಸ್ಟ್ ಧಾಟಿಯ ಬಟ್ಟೆಚಿತ್ರ: ನಕ್ಷೆ, ಬಟ್ಟೆ, ಹೊಲಿಗೆ ಹೇಗೆ?

ಸೂಜಿದಾರ, ಸಾಗರ

ನಮಸ್ಕಾರ. ತೀರ್ಥಹಳ್ಳಿ ಕಡೆಯ ಹಳೇ ತೊಟ್ಟಿಮನೆಯೊಂದರ ಒಳಾಂಗಣದ ಫೋಟೊ ಇದೆ. ತಲೆಯಲ್ಲಿ ಕೆತ್ತನೆಯ ಬೋದಿಗೆ ಇರುವ ಕಂಬಗಳು, ನಾಲ್ಕೂ ಕಡೆಯಿಂದ ಇಳಿಯುವ ಹೆಂಚಿನ ಮಾಡು, ನಡುವೆ ತುಳಸಿಕಟ್ಟೆ, ಜಗಲಿ ಅಂಚಿನಲ್ಲೊಂದು ತಾಮ್ರದ ಹಂಡೆ. ಇದನ್ನು ಕ್ಯೂಬಿಸ್ಟ್ ಶೈಲಿಯಲ್ಲಿ 24×36 ಇಂಚಿನ ಬಟ್ಟೆಚಿತ್ರವಾಗಿ ಮಾಡಿ ಗೋಡೆಗೆ ಹಾಕಬೇಕೆಂದಿದೆ.

ಫೋನಿನ ಆ್ಯಪ್‌ನಲ್ಲಿ ಚಿತ್ರವನ್ನು ತ್ರಿಕೋನಗಳಾಗಿ ಒಡೆಯುವ ಫಿಲ್ಟರ್ ಹಾಕಿದರೆ ಸುಮಾರು 400 ತುಂಡು ಬರುತ್ತವೆ. ಅದನ್ನೇ ದೊಡ್ಡದಾಗಿ ಪ್ರಿಂಟ್ ತೆಗೆಸಿ ಒಂದೊಂದೇ ಕತ್ತರಿಸಿ ಜೋಡಿಸಬಹುದಾ? ಎಷ್ಟು ಬಣ್ಣ ಬೇಕು? ಮನೆಯಲ್ಲಿರುವುದು ಕಾಲಲ್ಲಿ ತುಳಿಯುವ ಹಳೇ ಮಷೀನು, ನೇರ ಹೊಲಿಗೆ ಮಾತ್ರ ಬರುತ್ತದೆ, ಜಿಗ್‌ಜಾಗ್ ಇಲ್ಲ. ಸಣ್ಣ ಮಾದರಿ ಹೊಲಿದು ನೋಡಿದರೆ ಬಟ್ಟೆ ಸುಕ್ಕು ಹಿಡಿಯುತ್ತಿದೆ, ಅಂಚಿನಿಂದ ನೂಲು ಬಿಡುತ್ತಿದೆ, ಕೆಂಪು ರವಿಕೆ ಬಟ್ಟೆ ಪಕ್ಕದ ಬಿಳಿಗೆ ಬಣ್ಣ ಬಿಟ್ಟಿದೆ. ಜೊತೆಗೆ ನಮ್ಮ ಮಳೆಗಾಲದಲ್ಲಿ ಗೋಡೆಗೆ ಹಾಕಿದ ಬಟ್ಟೆ ಬೂಸ್ಟು ಹಿಡಿಯದೆ ಉಳಿಯುತ್ತಾ? ಗೊತ್ತಿರುವವರು ದಯವಿಟ್ಟು ಬಿಡಿಸಿ ಹೇಳಿ.

ಗೆರೆಗಾರ, ಶಿವಮೊಗ್ಗ

ಫಿಲ್ಟರ್ ದಾರಿ ಬೇಡ. ಮೊದಲು ಲೆಕ್ಕ ನೋಡಿ. 24×36 ಅಂದರೆ 864 ಚದರ ಇಂಚು. 400 ತುಂಡು ಮಾಡಿದರೆ ತಲಾ ಎರಡು ಚದರ ಇಂಚು ಚಿಲ್ಲರೆ, ಎಂದರೆ ಬಾಹು ಎರಡೂಕಾಲು ಇಂಚಿನ ತ್ರಿಕೋನ. ಸುತ್ತ ಕಾಲು ಇಂಚು ಹೊಲಿಗೆ ಅಂಚು ಬಿಟ್ಟಿರೋ, ಬಾಹು ಮೂರು ಇಂಚು ದಾಟಿ ವಿಸ್ತೀರ್ಣ ಹೆಚ್ಚುಕಮ್ಮಿ ದುಪ್ಪಟ್ಟಾಗುತ್ತದೆ. ತಂದ ಬಟ್ಟೆಯಲ್ಲಿ ಅರ್ಧ ಕಣ್ಣಿಗೇ ಬೀಳದೆ ಹಿಂಬದಿಗೆ ಹೋಯಿತು. ಆರು ತುದಿ ಒಂದೇ ಚುಕ್ಕಿಯಲ್ಲಿ ಸೇರುವ ಕಡೆ ಹಿಂದೆ ಹನ್ನೆರಡು ಪದರದ ಗಂಟು. ಸೂಜಿ ಮುರಿಯುವುದು ಅಲ್ಲೇ. ಈ ಅಳತೆಗೆ 70ರಿಂದ 90 ತುಂಡು ಸಾಕು, ಅತಿ ಸಣ್ಣದೂ ಒಂದು ಇಂಚಿಗಿಂತ ಕಿರಿದಾಗಬಾರದು.

ಲೆಕ್ಕಕ್ಕಿಂತ ದೊಡ್ಡ ತಕರಾರು ಬೇರೆ. ಒಂದು ಫೋಟೊವನ್ನು ಚೂರು ಮಾಡಿದ ಮಾತ್ರಕ್ಕೆ ಅದು ಕ್ಯೂಬಿಸಂ ಆಗುವುದಿಲ್ಲ. 1907ರಿಂದ 1914ರ ಒಳಗೆ ಪ್ಯಾರಿಸ್ಸಿನಲ್ಲಿ ಪಿಕಾಸೊ, ಬ್ರಾಕ್ ಎಂಬ ಚಿತ್ರಕಾರರು ಮಾಡಿದ್ದು ಒಂದೇ ಕಡೆ ನಿಂತು ನೋಡುವ ಕಣ್ಣನ್ನು ಕೈಬಿಟ್ಟ ಕೆಲಸ. ಹೂಜಿಯ ಬಾಯಿ ಮೇಲಿಂದ ಕಂಡ ಹಾಗೆ, ಹೊಟ್ಟೆ ಪಕ್ಕದಿಂದ ಕಂಡ ಹಾಗೆ, ಎರಡೂ ಒಂದೇ ಕಡೆ. ಫಿಲ್ಟರ್ ಎಷ್ಟೇ ಒಡೆದರೂ ಕ್ಯಾಮೆರಾ ನಿಂತ ಜಾಗ ಬದಲಾಗುವುದಿಲ್ಲ. ದೂರದಿಂದ ನೋಡಿದರೆ ಅದೇ ಫೋಟೊ, ಸ್ವಲ್ಪ ಮಸುಕಾಗಿ ಕಾಣುತ್ತದೆ, ಅಷ್ಟೆ.

ಹಾಗಾಗಿ ಇನ್ನೂ ಎರಡು ಮೂರು ಫೋಟೊ ಬೇಕು. ತೊಟ್ಟಿಮನೆ ಇದಕ್ಕೆ ಹೇಳಿ ಮಾಡಿಸಿದ್ದು, ಯಾಕೆಂದರೆ ನಾಲ್ಕು ಕಡೆಯಿಂದಲೂ ಒಂದೇ ಅಂಗಳ ಕಾಣುತ್ತದೆ. ಅಟ್ಟದ ಕಿಂಡಿಯಿಂದ ಕೆಳಕ್ಕೆ ಒಂದು ತೆಗೆಯಿರಿ, ತುಳಸಿಕಟ್ಟೆ ಚೌಕವಾಗಿ, ಹಂಡೆಯ ಬಾಯಿ ಪೂರ್ತಿ ವೃತ್ತವಾಗಿ ಸಿಗುತ್ತದೆ. ಹಂಡೆಯ ಮಟ್ಟಕ್ಕೆ ಕುಳಿತು ಪಕ್ಕದಿಂದ ಇನ್ನೊಂದು. ಅಂಗಳದ ನಡುವೆ ನಿಂತು ಮೇಲಕ್ಕೆ ಮತ್ತೊಂದು, ಸೂರಿನ ಅಂಚುಗಳ ನಡುವೆ ಆಕಾಶ ಚೌಕಾಕಾರದಲ್ಲಿ ಬರುವ ಹಾಗೆ. ತೀರಾ ಹತ್ತಿರ ನಿಂತು ವೈಡ್ ಲೆನ್ಸಿನಲ್ಲಿ ತೆಗೆದರೆ ಕಂಬಗಳು ಒಳಕ್ಕೆ ಬಾಗುತ್ತವೆ. ಹಿಂದೆ ಸರಿದು 2 ಎಕ್ಸ್ ಜೂಮ್ ಇಡಿ. ಬೆಳಕು ಒಂದರಲ್ಲಿ ಎಡದಿಂದ, ಇನ್ನೊಂದರಲ್ಲಿ ಬಲದಿಂದ ಬಂದರೆ ಚಿಂತೆ ಬೇಡ. ಈ ಶೈಲಿಯಲ್ಲಿ ಒಂದೊಂದು ಪಟ್ಟಿಗೂ ಅದರದ್ದೇ ನೆರಳು. ಆ ಮನೆಗೆ ಮತ್ತೆ ಹೋಗಲಾಗದಿದ್ದರೆ ಅದೇ ಬಗೆಯ ಹಂಡೆಯನ್ನು ಎಲ್ಲಾದರೂ ಮೇಲಿಂದ, ಪಕ್ಕದಿಂದ ತೆಗೆದರೂ ನಡೆಯುತ್ತದೆ.

ಕಂಪ್ಯೂಟರಿನಲ್ಲಿ ಫೋಟೊ ತಿದ್ದುವ ಜಿಂಪ್ ತಂತ್ರಾಂಶ ಉಚಿತ. ಮೊದಲು ಡಿಸ್ಯಾಚುರೇಟ್ ಮಾಡಿ ಬಣ್ಣ ತೆಗೆಯಿರಿ. ಆಮೇಲೆ ಚಿತ್ರ ಮಸುಕು ಮಾಡುವ ಗಾಸಿಯನ್ ಬ್ಲರ್. 3000 ಪಿಕ್ಸೆಲ್ ಅಗಲದ ಫೋಟೊಗೆ 15ರ ಆಸುಪಾಸು. ಕೊನೆಗೆ ಛಾಯೆಗಳನ್ನು ಕೆಲವಕ್ಕೇ ಇಳಿಸುವ ಪೋಸ್ಟರೈಸ್, ಹಂತ 5. ಬ್ಲರ್ ಬಿಟ್ಟು ನೇರ ಪೋಸ್ಟರೈಸ್ ಮಾಡಿದರೆ ಹೆಂಚಿನ ಪಾಚಿ, ಮರದ ಗಂಟು ಎಲ್ಲ ಚುಕ್ಕೆ ಚುಕ್ಕೆಯಾಗಿ ಉಳಿದು ಏನನ್ನೂ ಕತ್ತರಿಸಲಾಗದು. ಐದು ಛಾಯೆ ಸಾಕು: 1 ಅತಿ ತಿಳಿ, 5 ಅತಿ ಗಾಢ.

ಈಗ ನಕ್ಷೆ. ಎ4 ಹಾಳೆಯಲ್ಲಿ 18×27 ಸೆಂ.ಮೀ. ಚೌಕಟ್ಟು ಹಾಕಿ. ನಿಮ್ಮ 24×36ಕ್ಕೆ ಇದೇ ಅನುಪಾತ. ಇಡೀ ಎ4 ತುಂಬ ಬರೆದರೆ ದೊಡ್ಡದು ಮಾಡುವಾಗ ಅಂಚು ಹೊಂದುವುದಿಲ್ಲ. ಫೋಟೊಗಳಲ್ಲಿ ಗಟ್ಟಿಯಾಗಿ ಕಾಣುವ ನಾಲ್ಕೈದು ಗೆರೆ ಹುಡುಕಿ: ಮಾಡಿನ ಇಳಿಜಾರು, ಜಗಲಿಯ ಅಂಚು, ಒಂದು ಕಂಬ. ಅವನ್ನು ಚೌಕಟ್ಟಿನ ಈ ತುದಿಯಿಂದ ಆ ತುದಿಗೆ ಎಳೆಯಿರಿ. ಕಂಬದ ಗೆರೆ ನೆಟ್ಟಗಿರುವುದಕ್ಕಿಂತ ಹತ್ತು ಹದಿನೈದು ಡಿಗ್ರಿ ವಾಲಿದರೆ ಚೆನ್ನ. ಈ ಗೆರೆಗಳೇ ಚಿತ್ರದ ಎಲುಬು. ಟ್ರೇಸಿಂಗ್ ಹಾಳೆಯಲ್ಲಿ ಒಂದೊಂದು ಫೋಟೊದ ಆಕಾರವನ್ನೂ ಬೇರೆ ಬೇರೆ ತೆಗೆದುಕೊಂಡು ಈ ಎಲುಬಿನ ಮೇಲಿಟ್ಟು ಸರಿಸಿ ನೋಡಿ. ಗೆರೆ ದಾಟಿದ ಕಡೆ ಕಂಬವನ್ನು ಮುರಿದು ಕೆಳಗಿನ ಅರ್ಧವನ್ನು ಅರ್ಧ ಸೆಂ.ಮೀ. ಪಕ್ಕಕ್ಕೆ ಸರಿಸಿ. ಹಂಡೆಯ ಬಾಯಿ ಅಟ್ಟದ ಫೋಟೊದಿಂದ, ಹೊಟ್ಟೆ ಪಕ್ಕದ ಫೋಟೊದಿಂದ. ಹೆಂಚನ್ನು ಎರಡು ಮೂರು ಪಟ್ಟಿಯಲ್ಲಿ ಮಾತ್ರ ಸಾಲು ಸಾಲಾಗಿ ತೋರಿಸಿ, ಉಳಿದ ಕಡೆ ಬರೀ ಛಾಯೆ ಬಿಡಿ. ನೋಡುವವರ ಕಣ್ಣು ತಾನೇ ತುಂಬಿಕೊಳ್ಳುತ್ತದೆ. ಸಣ್ಣ ತುಂಡುಗಳು ಹಂಡೆ, ತುಳಸಿಕಟ್ಟೆ ಸುತ್ತ ಇರಲಿ, ಮೂಲೆಗಳಿಗೆ ಹೋದಂತೆ ದೊಡ್ಡದಾಗಲಿ.

ಇನ್ನೊಂದು, ಇದನ್ನು ಬಿಟ್ಟರೆ ಎಲ್ಲ ಬಿಟ್ಟ ಹಾಗೆ. ಯಾವ ಆಕಾರವನ್ನೂ ನಾಲ್ಕೂ ಕಡೆ ಮುಚ್ಚಬೇಡಿ. ಕಂಬದ ಒಂದು ಅಂಚಿನಲ್ಲಾದರೂ ಪಕ್ಕದ ಗೋಡೆಯ ತುಂಡಿಗೆ ಅದೇ ಛಾಯೆ ಕೊಡಿ, ಕಂಬ ಅಲ್ಲಿ ಗೋಡೆಯೊಳಕ್ಕೆ ಹರಿದುಹೋಗಬೇಕು. ಪಿಕಾಸೊ, ಬ್ರಾಕ್ ತಮಗಿಂತ ಹಿಂದಿನ ಚಿತ್ರಕಾರ ಸೆಜಾನ್‌ನಿಂದ ಕಲಿತದ್ದು ಇದನ್ನೇ. ಎಲ್ಲ ತುಂಡಿನ ಸುತ್ತ ಕಪ್ಪು ಗೆರೆ ಕೂರಿಸಿದರೆ ಚರ್ಚಿನ ಬಣ್ಣದ ಗಾಜಿನ ಕಿಟಕಿ ಆಗುತ್ತದೆ. ಅದೂ ಚೆಂದವೇ, ಆದರೆ ಬೇರೆ ಜಾತಿ.

ತುಂಡುಗಳಿಗೆ ಛಾಯೆಯ ಅಂಕಿ, ಕ್ರಮಸಂಖ್ಯೆ ಎರಡನ್ನೂ ಬರೆದು, ಎಂಜಿನಿಯರಿಂಗ್ ಡ್ರಾಯಿಂಗ್ ತೆಗೆಯುವ ಪ್ಲಾಟರ್ ಇರುವ ಜೆರಾಕ್ಸ್ ಅಂಗಡಿಯಲ್ಲಿ 339 ಶೇಕಡಾಕ್ಕೆ ದೊಡ್ಡದು ಮಾಡಿಸಿ. ಎ1 ಹಾಳೆಯ ಅಗಲ 59.4 ಸೆಂ.ಮೀ., ನಿಮಗೆ ಬೇಕಿರುವುದು 61, ಎ0 ಕೇಳಿ. ಎರಡು ಪ್ರತಿ ತೆಗೆಸಿ, ಒಂದು ಕತ್ತರಿಸಲು, ಒಂದು ಜೋಡಿಸುವಾಗ ನೋಡಿಕೊಳ್ಳಲು.

ಕೌದಿ, ಹೆಗ್ಗೋಡು

ಗೆರೆಗಾರರು ಹೇಳಿದ್ದು ಒಪ್ಪುವಂಥದ್ದೇ, ಆದರೆ ಅವರ ಮನಸ್ಸು 1910ರ ಸುಮಾರಿನ ಕಂದು-ಬೂದು ಚಿತ್ರಗಳ ಮೇಲಿದೆ. ಬಟ್ಟೆಗೆ ಹತ್ತಿರವಾದದ್ದು ಅದರ ನಂತರದ ಘಟ್ಟ. 1912ರಲ್ಲಿ ಪಿಕಾಸೊ ಬೆತ್ತದ ಕುರ್ಚಿಯ ಹೆಣಿಗೆ ಅಚ್ಚಾಗಿದ್ದ ಎಣ್ಣೆಬಟ್ಟೆಯ ತುಂಡನ್ನೇ ಚಿತ್ರಕ್ಕೆ ಅಂಟಿಸಿ ಸುತ್ತ ಹಗ್ಗ ಕಟ್ಟಿದ. ಅದಕ್ಕೂ ಒಂದು ವರ್ಷ ಮೊದಲು, 1911ರಲ್ಲಿ, ಚಿತ್ರಕಲಾವಿದೆ ಸೋನಿಯಾ ಡೆಲೊನೆ ಮಗುವಿಗೆಂದು ತುಂಡುಬಟ್ಟೆಗಳ ಹೊದಿಕೆ ಹೊಲಿದಿದ್ದರು, ಅವರ ಮುಂದಿನ ಅಮೂರ್ತ ಚಿತ್ರಗಳ ಬೇರು ಅಲ್ಲಿದೆ. ಕೌದಿ ಹೊಲಿಯುವ ನಾಡಿನವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ.

ಹಾಗಾಗಿ 70 ತುಂಡೂ ಬೇಡ, 40 ಸಾಕು. ದೊಡ್ಡ ಪಟ್ಟಿಗಳು, ವಿನ್ಯಾಸವಿರುವ ಬಟ್ಟೆ. ಹೆಂಚಿಗೆ ಅಡ್ಡಪಟ್ಟೆಯ ಲುಂಗಿ ಅಥವಾ ಚೌಕಳಿ ಟವೆಲು. ಜಗಲಿಯ ನೆರಳಿಗೆ ಹಳೇ ಕಂಬಳಿಯ ತುಂಡು. ಮಣ್ಣಿನ ಗೋಡೆಗೆ ಗೋಣಿತಾಟು. ಸೀರೆ ಸೆರಗಿನ ಅಂಚು ಕಂಬವಾಗುತ್ತದೆ. ಗೋಣಿಯನ್ನು ಮಾತ್ರ ಹಾಗೇ ಹೊಲಿಯಬೇಡಿ, ಕತ್ತರಿಸಿದ ಕೂಡಲೇ ಹೆಣಿಗೆ ಬಿಚ್ಚಿಕೊಳ್ಳುತ್ತದೆ. ಹಿಂದೆ ಫ್ಯೂಸಿಂಗ್ (ಬಿಸಿಗೆ ಅಂಟಿಕೊಳ್ಳುವ ಪದರ) ಇಟ್ಟು ಇಸ್ತ್ರಿ ಮಾಡಿ ಆಮೇಲೆ ಕತ್ತರಿ ಹಾಕಿ. ಕಂಬಳಿ ತುಂಡಿಗೆ ನುಸಿ ಬೀಳದಂತೆ ಮೊದಲು ತೊಳೆದು ಮೂರ್ನಾಲ್ಕು ಬಿಸಿಲು ಕೊಡಿ.

ಗೆರೆಗಾರ, ಶಿವಮೊಗ್ಗ

40ಕ್ಕೆ ತಕರಾರಿಲ್ಲ. ವಿನ್ಯಾಸದ ಬಟ್ಟೆ ಹಾಕುವಾಗ ಒಂದು ಎಚ್ಚರ: ಎಲ್ಲ ಬಟ್ಟೆಯನ್ನೂ ನೆಲಕ್ಕೆ ಹಾಸಿ ಫೋನಿನಲ್ಲಿ ಕಪ್ಪು-ಬಿಳುಪು ಫೋಟೊ ತೆಗೆದು ನೋಡಿ. ಅಂಗಡಿಯಲ್ಲಿ ಕೆಂಪು, ಹಸಿರು ಅಜಗಜಾಂತರ ಕಾಣುತ್ತವೆ; ಕಪ್ಪು-ಬಿಳುಪಿನಲ್ಲಿ ಎರಡೂ ಒಂದೇ ಬೂದು ಆಗಿಬಿಡುವುದುಂಟು. ಛಾಯೆ ಸರಿಯಿದ್ದರೆ ಬಣ್ಣ ಯಾವುದಾದರೂ ಚಿತ್ರ ನಿಲ್ಲುತ್ತದೆ. ದಪ್ಪ ಚೌಕಳಿ ದೂರದಿಂದ ಎರಡು ಛಾಯೆಯಾಗಿ ಒಡೆದು ಕಾಣುತ್ತದೆ, ಅಂಥದ್ದು ಎರಡು ತುಂಡಿಗಿಂತ ಹೆಚ್ಚು ಬೇಡ.

ಬಾಬಿನ್, ಭದ್ರಾವತಿ

ಹೊಲಿಗೆ ಕಡೆಗೆ ಬರೋಣ. ಜಿಗ್‌ಜಾಗ್ ಇಲ್ಲದಿರುವುದು ಕೊರತೆಯಲ್ಲ. ತುಂಡಿಗೆ ತುಂಡು ಜೋಡಿಸುವ ಬದಲು ಒಂದು ಪೂರ್ತಿ ತಳಬಟ್ಟೆಯ ಮೇಲೆ ಒಂದೊಂದನ್ನೇ ಹೊದಿಸುತ್ತ ಹೋಗಿ. ಒಳಮೂಲೆ, ಮೊನಚು ಮೂಲೆಗಳ ಅರ್ಧಕ್ಕರ್ಧ ತಲೆನೋವು ತಪ್ಪುತ್ತದೆ.

ತಳಕ್ಕೆ ಕೋರಾ ಬಟ್ಟೆ, 30×42 ಇಂಚು. ಸುತ್ತ ಮೂರು ಇಂಚು ಹೆಚ್ಚು ಯಾಕೆಂದರೆ ಹೊಲಿಯುತ್ತ ಹೋದಂತೆ ಬಟ್ಟೆ ಒಳಕ್ಕೆ ಎಳೆದುಕೊಳ್ಳುತ್ತದೆ. ಒಂದು ಬದಿಗೆ ಅರ್ಧದಿಂದ ಒಂದು ಇಂಚು ಕಳೆದುಹೋಗುವುದು ಸಾಮಾನ್ಯ. ಮೇಲಿನ ಬಟ್ಟೆ 44 ಇಂಚು ಪನ್ನದ (ಅಗಲದ) ಹತ್ತಿಯಲ್ಲಿ 2, 3, 4ನೇ ಛಾಯೆಗೆ ಅರ್ಧರ್ಧ ಮೀಟರು, 1 ಮತ್ತು 5ಕ್ಕೆ ಕಾಲು ಮೀಟರು. ಪಾಲಿಯೆಸ್ಟರ್ ಬೆರೆತದ್ದು ಬೇಡ, ಮಡಿಕೆ ಕೂರುವುದಿಲ್ಲ. ತಳ, ಮೇಲು ಎಲ್ಲವನ್ನೂ ಮೊದಲು ಬಿಸಿನೀರಲ್ಲಿ ಒಗೆಯಿರಿ. ಕೈಮಗ್ಗದ ಬಟ್ಟೆ ನೂರಕ್ಕೆ ಮೂರರಿಂದ ಐದರಷ್ಟು ಕುಗ್ಗುತ್ತದೆ. ಹೊಲಿದ ಮೇಲೆ ಒಂದು ಕುಗ್ಗಿ ಇನ್ನೊಂದು ಕುಗ್ಗದಿದ್ದರೆ ಇಡೀ ಚಿತ್ರ ಗುಳ್ಳೆ ಏಳುತ್ತದೆ.

ಕೆಂಪು ಬಟ್ಟೆಗೆ ಉಪ್ಪು, ವಿನೆಗರ್ ಹಾಕಿ ನೆನೆಸುವ ಸಲಹೆ ಬಂದರೆ ಕೇಳಬೇಡಿ, ಹತ್ತಿಗೆ ಆಗಲೇ ಹಾಕಿರುವ ಬಣ್ಣವನ್ನು ಅವು ಹಿಡಿದಿಡುವುದಿಲ್ಲ. ಬಿಸಿನೀರಲ್ಲಿ ಮೂರು ಸಲ ಒಗೆದು, ಒದ್ದೆ ಇರುವಾಗಲೇ ಬಿಳಿ ಬಟ್ಟೆಯ ಮೇಲಿಟ್ಟು ಇಸ್ತ್ರಿ ಒತ್ತಿ. ಆಗಲೂ ಕಲೆ ಬಂದರೆ ಆ ಬಟ್ಟೆ ಕೈಬಿಡಿ. ಗೋಡೆಗೆ ಹಾಕುವುದನ್ನು ಯಾರು ಒಗೆಯುತ್ತಾರೆ ಎನ್ನಬೇಡಿ. ನಮ್ಮ ಆಷಾಢದ ತೇವ, ಒಂದು ಸ್ಟೀಮ್ ಇಸ್ತ್ರಿ, ಇಷ್ಟೇ ಸಾಕು ಬಣ್ಣ ದಾಟಲು.

ಈಗ ಫ್ಯೂಸಿಂಗ್ ವಿಚಾರ, ಇಲ್ಲಿ ಬಹಳ ಗೊಂದಲವಿದೆ. ಟೈಲರಿಂಗ್ ಸಾಮಾನಿನ ಅಂಗಡಿಯಲ್ಲಿ ಫ್ಯೂಸಿಂಗ್ ಎಂದು ಕೊಡುವುದು ಒಂದೇ ಬದಿ ಅಂಟಿರುವುದು. ಬಟ್ಟೆ ಗಟ್ಟಿ ಮಾಡಲು ಅದು ಸರಿ, ತಳಕ್ಕೆ ಅಂಟಿಸಲು ಬರುವುದಿಲ್ಲ. ಎರಡೂ ಬದಿ ಅಂಟು, ಹಿಂದೆ ಕಾಗದ ಇರುವುದು ಬೇರೆ ಸರಕು, ಆನ್‌ಲೈನ್ ತರಿಸಬೇಕಾದೀತು. ಅದನ್ನು ಬಳಸಿದರೆ ನಕ್ಷೆಯನ್ನು ತಿರುಗಿಸಿ, ಕನ್ನಡಿಯಲ್ಲಿ ಕಂಡ ಹಾಗೆ, ಕಾಗದದ ಮೇಲೆ ಬರೆದುಕೊಳ್ಳಬೇಕು. ಹಾಗೆ ಮಾಡದಿದ್ದರೆ ಎಡದ ಹಂಡೆ ಬಲಕ್ಕೆ ಬಂದು ಯಾವ ತುಂಡೂ ನಕ್ಷೆಗೆ ಕೂರುವುದಿಲ್ಲ. ಒದ್ದೆ ಹವೆಯಲ್ಲಿ ಈ ಅಂಟು ಹಿಡಿಯುವುದೂ ಇಲ್ಲ, ಮೊದಲು ಬಟ್ಟೆಯನ್ನು ಒಣ ಇಸ್ತ್ರಿ ಮಾಡಿ ತೇವ ಹಾರಿಸಿ. ಪೆಟ್ಟಿಗೆ ತಿಕ್ಕದೆ ಒತ್ತಿ ಎತ್ತಿ, ಪೂರ್ತಿ ಆರಿದ ಮೇಲೆ ಕಾಗದ ಸುಲಿಯಿರಿ. ಮೈದಾ ಅಂಟು ಮಾತ್ರ ಬೇಡವೇ ಬೇಡ. ಜಿರಲೆ, ಬೆಳ್ಳಿಹುಳ, ಬೂಸ್ಟು ಮೂರಕ್ಕೂ ಅದು ಹಬ್ಬದೂಟ.

ಸಿಗುವ ಒಂದು ಬದಿಯ ಫ್ಯೂಸಿಂಗ್ ಇಟ್ಟುಕೊಂಡೇ ಮಾಡುವುದಾದರೆ: ಬಟ್ಟೆಯ ಹಿಂದೆ ತೆಳ್ಳನೆಯದನ್ನು ಇಸ್ತ್ರಿ ಮಾಡಿ, ನೂಲು ಬಿಡುವುದು ಬಹುಪಾಲು ನಿಲ್ಲುತ್ತದೆ. ನಕ್ಷೆಯ ಪ್ರತಿ ತುಂಡಿನ ಮೇಲೂ ಹಾಸು (ಬಟ್ಟೆಯ ಉದ್ದದ ನೂಲು) ಯಾವ ಕಡೆ ಎಂದು ಬಾಣದ ಗುರುತು ಹಾಕಿ, ಎಲ್ಲವನ್ನೂ ತಳಬಟ್ಟೆಯ ಹಾಸಿನ ದಿಕ್ಕಿಗೇ ಕತ್ತರಿಸಿ. ಅಡ್ಡಾದಿಡ್ಡಿ ಕತ್ತರಿಸಿದರೆ ಬಟ್ಟೆ ಉಳಿಯಬಹುದು, ಆದರೆ ಓರೆಯಾದವು ತೂಗುಹಾಕಿದ ಮೇಲೆ ಜೋತು ಬೀಳುತ್ತವೆ. ಪಕ್ಕದ ತುಂಡಿನ ಅಡಿಗೆ ಹೋಗುವ ಬದಿಗೆ 6 ಮಿ.ಮೀ. ಹೆಚ್ಚು ಬಿಡಿ, ಮೇಲೆ ಕಾಣುವ ಬದಿಯನ್ನು ಗೆರೆಗೆ ಸರಿಯಾಗಿ ಕತ್ತರಿಸಿ. ತಿಳಿ ಬಟ್ಟೆ ಅಡಿಗೆ ಹೋಗಲಿ, ಗಾಢ ಬಟ್ಟೆ ಮೇಲೆ ಬರಲಿ. ತಿರುಗಾಮುರುಗಾ ಆದರೆ ಗಾಢ ಅಂಚು ತಿಳಿ ಬಟ್ಟೆಯೊಳಗಿಂದ ಕಪ್ಪು ಗೆರೆಯಾಗಿ ಇಣುಕುತ್ತದೆ.

ಆಮೇಲೆ ಬಿಚ್ಚುವಂಥ ಕಚ್ಚಾ ಹೊಲಿಗೆ ಹಾಕಿಕೊಂಡು, ಅಂಚಿನಿಂದ 2 ಮಿ.ಮೀ. ಒಳಗೆ ಒಂದು ಸಾಲು, ಅದರ ಪಕ್ಕದಲ್ಲೇ ಇನ್ನೊಂದು. ಹೊಲಿಗೆಯ ಉದ್ದ 2ರಿಂದ 2.5 ಮಿ.ಮೀ., ಸೂಜಿ 14ನೇ ನಂಬರು. ಯಾವಾಗಲೂ ನಡುವಿನಿಂದ ಶುರುಮಾಡಿ ಹೊರಕ್ಕೆ ಹೋಗಿ. ಅಂಚುಗಳಿಂದ ಶುರು ಮಾಡಿದರೆ ಉಬ್ಬೆಲ್ಲ ನಡುವೆ ಬಂದು ಸಿಕ್ಕಿಕೊಳ್ಳುತ್ತದೆ, ಬಿಚ್ಚದೆ ಗತಿಯಿಲ್ಲ.

ನಿಮ್ಮ ಸುಕ್ಕಿಗೆ ಕಾರಣ ಬಹುಶಃ ಮೇಲಿನ ದಾರದ ಬಿಗಿ. ಹೊಲಿಗೆಯ ಮೇಲ್ಬದಿಯಲ್ಲಿ ಕೆಳಗಿನ ಬಾಬಿನ್ ದಾರ ಚುಕ್ಕೆಯಾಗಿ ಕಾಣುತ್ತಿದ್ದರೆ ಟೆನ್ಷನ್ ತಿರುಪನ್ನು ಕಾಲು ಸುತ್ತು ಸಡಿಲಿಸಿ ಮತ್ತೆ ಹೊಲಿದು ನೋಡಿ. ಅದಾದ ಮೇಲೂ ಬಂದರೆ ತಳದ ಅಡಿಗೆ ಬಟರ್ ಪೇಪರ್ ಇಟ್ಟು ಹೊಲಿದು, ಮುಗಿದ ಮೇಲೆ ಹರಿದು ತೆಗೆಯಿರಿ. ದಿನಪತ್ರಿಕೆ ಇಡಬೇಡಿ, ಮಸಿ ಅಂಟುತ್ತದೆ.

ಕೌದಿ, ಹೆಗ್ಗೋಡು

ಬಾಬಿನ್ ಅವರ ಮಾತಿಗೆ ಸೇರಿಸಲು ಒಂದಿದೆ. ಮೇಲ್ಪದರ ಮುಗಿದ ಮೇಲೆ ಒಳಗೆ ಹಳೇ ಪಂಚೆಯ ಎರಡು ಪದರ, ಹಿಂದೆ 32×44 ಇಂಚಿನ ಬಟ್ಟೆ ಇಟ್ಟು ಕೌದಿಯ ಹಾಗೆ ಕೈಯಿಂದ ಓಟದ ಹೊಲಿಗೆ ಹಾಕಿ, ಇಂಚಿಗೆ ನಾಲ್ಕೈದು. ಈ ಹೊಲಿಗೆ ತುಂಡುಗಳ ಅಂಚನ್ನು ಅನುಸರಿಸಬಾರದು. ಗೆರೆಗಾರರು ಎಲುಬು ಎಂದರಲ್ಲ, ಆ ಉದ್ದ ಗೆರೆಗಳ ಗುಂಟ, ಕಂಬ, ಗೋಡೆ, ಆಕಾಶ ಎಲ್ಲವನ್ನೂ ದಾಟಿ ಹೋಗಲಿ. ಬಣ್ಣದಲ್ಲಿ ಬ್ರಷ್ಷಿನಿಂದ ಒಂದು ಪಟ್ಟಿಯನ್ನು ಇನ್ನೊಂದಕ್ಕೆ ಕರಗಿಸುತ್ತಾರೆ. ಬಟ್ಟೆಯ ಅಂಚು ಕರಗುವುದಿಲ್ಲ, ಅದನ್ನು ದಾಟಿಸಲು ಇರುವುದು ದಾರ ಒಂದೇ. ಮೂರು ಪದರಕ್ಕೂ ಮೊದಲು ನಡುವಿನಿಂದ ನಾಲ್ಕು ಇಂಚಿಗೊಂದು ಕಚ್ಚಾ ಸಾಲು ಹಾಕಿಕೊಳ್ಳಿ, ಹಿಂದಿನ ಬಟ್ಟೆ ಮಡಿಕೆ ಬೀಳದು.

ಉತ್ತರ ಕನ್ನಡದ ಸಿದ್ದಿಯರು ಹೊಲಿಯುವ ಕವಂದಿ ಎಂಬ ಕೌದಿಯಲ್ಲಿ ಹೊರ ಅಂಚಿನಿಂದ ಶುರುವಾಗಿ ನಡುವಿಗೆ ಬರುತ್ತಾರೆ, ಸರಿ. ಅಲ್ಲಿ ತುಂಡು ಇಡುತ್ತ ಇಡುತ್ತಲೇ ಎಲ್ಲ ಪದರವನ್ನೂ ಒಟ್ಟಿಗೆ ಹೊಲಿದು ಸಾಗುವುದರಿಂದ ಉಬ್ಬು ಅಲ್ಲಲ್ಲೇ ಅಡಗುತ್ತದೆ. ಇಲ್ಲಿ ನಕ್ಷೆ ಮೊದಲೇ ನಿಗದಿ, ಆ ಕ್ರಮ ಹೊಂದುವುದಿಲ್ಲ.

ಚೊಗರು, ಹೊಸನಗರ

ಬಟ್ಟೆಗೆ ಅಂಗಡಿ ಅಲೆಯುವ ಮೊದಲು ಅಡಿಕೆ ಮನೆ ಕಡೆ ನೋಡಿ. ಆರಂಭದ ಕ್ಯೂಬಿಸ್ಟ್ ಚಿತ್ರಗಳ ಬಣ್ಣ ಯಾವುದು? ಕಂದು, ಕಾವಿ, ಬೂದು, ಕಪ್ಪು. ಅಡಿಕೆ ಬೇಯಿಸಿ ಉಳಿದ ನೀರಿಗೆ ಚೊಗರು ಎನ್ನುತ್ತಾರೆ, ಈ ಅಷ್ಟೂ ಛಾಯೆ ಅದೊಂದರಿಂದಲೇ ಹುಟ್ಟುತ್ತವೆ. ಒಂದೇ ಮೂಲದ ಬಣ್ಣವಾದ್ದರಿಂದ ಐದೂ ತುಂಡು ಪಕ್ಕಪಕ್ಕ ಇಟ್ಟರೆ ಜಗಳವಾಡುವುದಿಲ್ಲ.

ಐದು ಅರ್ಧ ಮೀಟರಿನ ತುಂಡು ಸೇರಿ 350ರಿಂದ 400 ಗ್ರಾಂ ತೂಗುತ್ತವೆ. ಬಿಳಿ ಹತ್ತಿಯನ್ನು ಮೊದಲು 12 ಲೀಟರ್ ನೀರಿಗೆ 20 ಗ್ರಾಂ ವಾಷಿಂಗ್ ಸೋಡಾ ಹಾಕಿ ಒಂದು ಗಂಟೆ ಕುದಿಸಿ ಗಂಜಿ, ಜಿಡ್ಡು ಬಿಡಿಸಿ. ಬಿಡಿಸದಿದ್ದರೆ ಬಣ್ಣ ಮಚ್ಚೆ ಮಚ್ಚೆಯಾಗಿ ಹಿಡಿಯುತ್ತದೆ. ಚೊಗರು ಸೋಸಿಕೊಳ್ಳಿ. ಅದು ಎಷ್ಟು ಗಟ್ಟಿ ಎಂಬುದು ಅದೇ ನೀರಲ್ಲಿ ಎಷ್ಟು ಒಬ್ಬೆ (ಸರದಿ) ಅಡಿಕೆ ಬೇಯಿಸಿದ್ದಾರೆ ಎನ್ನುವುದರ ಮೇಲಿರುವುದರಿಂದ ಅಳತೆ ಹೇಳಿ ಪ್ರಯೋಜನವಿಲ್ಲ. ಒಂದಕ್ಕೆ ಎಂಟು ನೀರಿನಿಂದ ಶುರುಮಾಡಿ ಚಿಂದಿ ಅದ್ದಿ ನೋಡಿ. ಸಣ್ಣ ಉರಿಯಲ್ಲಿ ಎಲ್ಲ ತುಂಡನ್ನೂ ಒಟ್ಟಿಗೆ ಹಾಕಿ 5, 10, 20, 40 ನಿಮಿಷಕ್ಕೆ ಒಂದೊಂದೇ ಎತ್ತಿ, ಕೊನೆಯದನ್ನು ಅದರಲ್ಲೇ ರಾತ್ರಿ ಬಿಡಿ. ಒದ್ದೆಯಲ್ಲಿ ನೋಡಿ ಛಾಯೆ ತೀರ್ಮಾನಿಸಬೇಡಿ. ಒಣಗಿದ ಮೇಲೆ ಒಂದೆರಡು ಮೆಟ್ಟಿಲು ತಿಳಿಯಾಗುತ್ತದೆ. ಚೊಗರಿನ ಒಗರು ಎಂದರೆ ಟ್ಯಾನಿನ್, ಅದು ಹತ್ತಿಗೆ ತಾನಾಗಿಯೇ ಕಚ್ಚಿಕೊಳ್ಳುತ್ತದೆ, ಬಣ್ಣ ಕಚ್ಚಿಸುವ ಪಟಿಕ ಇಲ್ಲದೆಯೂ ಆಗುತ್ತದೆ.

ಬೂದು, ಕಪ್ಪು ಬೇಕಾದರೆ ಅನ್ನಭೇದಿ, ಅಂದರೆ ಕಬ್ಬಿಣದ ಲವಣ. ಪ್ರತಿ 100 ಗ್ರಾಂ ಬಟ್ಟೆಗೆ 2 ಗ್ರಾಂ, ಬೇರೆ ಪ್ಲಾಸ್ಟಿಕ್ ಬಕೆಟ್ಟಿನ ಉಗುರುಬೆಚ್ಚಗಿನ ನೀರಿನಲ್ಲಿ, ಐದರಿಂದ ಹತ್ತು ನಿಮಿಷ. ಟ್ಯಾನಿನ್ನೂ ಕಬ್ಬಿಣವೂ ಸೇರಿ ಕಣ್ಣೆದುರೇ ಕಪ್ಪಾಗುತ್ತದೆ. ಇನ್ನೂ ಕಪ್ಪಾಗಲಿ ಎಂದು ಅನ್ನಭೇದಿ ಏರಿಸಬೇಡಿ, ಹೆಚ್ಚಾದ ಕಬ್ಬಿಣ ಕೆಲ ವರ್ಷದಲ್ಲಿ ಹತ್ತಿಯ ಎಳೆಯನ್ನೇ ತಿಂದು ಪುಡಿ ಮಾಡುತ್ತದೆ. ಬದಲಿಗೆ ಮತ್ತೆ ಚೊಗರಿಗೆ ಅದ್ದಿ. ಕೈಗವಸು ಹಾಕಿಕೊಳ್ಳಿ, ಅಡುಗೆ ಪಾತ್ರೆ ಮುಟ್ಟಬೇಡಿ. ಹಂಡೆಗೆ ತಾಮ್ರದ ಕೆಂಪು ಬೇಕಲ್ಲ, ಅದಕ್ಕೆ ಚೊಗರು ಬಟ್ಟೆಯನ್ನು ಸುಣ್ಣದ ತಿಳಿನೀರಿನಲ್ಲಿ ಒಂದು ನಿಮಿಷ ಅದ್ದಿ ಚೆನ್ನಾಗಿ ಜಾಲಿಸಿ. ಕವಳ (ಎಲೆಅಡಿಕೆ) ಹಾಕಿದಾಗ ಬಾಯಿ ಕೆಂಪಾಗುವುದೂ ಅಡಿಕೆ ಸುಣ್ಣದ ಇದೇ ಆಟ.

ಬಣ್ಣ ಒಂದೇ ಸಮ ಬರಲಿಲ್ಲ ಎಂದು ತುಂಡು ಎಸೆಯಬೇಡಿ. ಏರಿಳಿತವಿರುವ ಭಾಗವನ್ನು ಕಂಬಕ್ಕೆ, ಹಂಡೆಯ ಹೊಟ್ಟೆಗೆ ಹುಡುಕಿ ಕತ್ತರಿಸಿದರೆ ನೆರಳು ಪುಕ್ಕಟೆ ಸಿಕ್ಕಿತು. ಚೊಗರು ಸಿಗುವುದು ಕೊಯ್ಲಿನ ಕಾಲದಲ್ಲಿ ಮಾತ್ರ. ಕಾಯುವ ತಾಳ್ಮೆ ಇಲ್ಲದಿದ್ದರೆ ನಿಮ್ಮ ಸಾಗರದ ಪಕ್ಕದಲ್ಲೇ ಭೀಮನಕೋಣೆಯ ಚರಕ ಸಹಕಾರ ಸಂಘದವರು ನೇಯುವ ಸಹಜ ಬಣ್ಣದ ಕೈಮಗ್ಗದ ಬಟ್ಟೆ ಇದೆ.

ಸೂಜಿದಾರ, ಸಾಗರ

ಎಲ್ಲರಿಗೂ ಧನ್ಯವಾದ. ಟೆನ್ಷನ್ ಕಾಲು ಸುತ್ತು ಸಡಿಲಿಸಿದ ಮೇಲೆ ಸುಕ್ಕು ಮುಕ್ಕಾಲುಪಾಲು ಹೋಯಿತು. ಇನ್ನೆರಡು ಪ್ರಶ್ನೆ. ಸುತ್ತಲೂ ಹಸೆ ಚಿತ್ತಾರದ ಬಾರ್ಡರ್ ಕಸೂತಿ ಮಾಡಿದರೆ ಹೇಗೆ? ಅದೂ ರೇಖೆ, ತ್ರಿಕೋನಗಳದ್ದೇ ಅಲ್ಲವಾ. ಮತ್ತೆ ತೂಗುಹಾಕುವ ವಿಚಾರ ಯಾರೂ ಹೇಳಲಿಲ್ಲ.

ಗೆರೆಗಾರ, ಶಿವಮೊಗ್ಗ

ಚಿತ್ತಾರ ಬೇಡ ಅನ್ನಿಸುತ್ತದೆ. ದೀವರ ಸಮುದಾಯದ ಹೆಣ್ಣುಮಕ್ಕಳು ಕೆಮ್ಮಣ್ಣಿನ ಗೋಡೆಯ ಮೇಲೆ ಅಕ್ಕಿಹಿಟ್ಟಿನ ಬಿಳಿಯಲ್ಲಿ, ಪುಂಡಿನಾರಿನ ಕುಂಚದಿಂದ ಬರೆಯುವ ಆ ಎಳೆಗಳಿಗೆ ಅವುಗಳದ್ದೇ ಲೆಕ್ಕ, ಹೆಸರು, ಮದುವೆಮನೆಯ ಸಂದರ್ಭ ಇದೆ. ಚಿತ್ತಾರ ಗೋಡೆಯನ್ನು ಗೋಡೆಯಾಗಿಯೇ ಉಳಿಸಿ ಬರೆಯುವ ಕಲೆ, ಇದು ಗೋಡೆಯನ್ನು ಕಲಕುವ ಕಲೆ. ತ್ರಿಕೋನ ಎರಡರಲ್ಲೂ ಇದೆ ಎನ್ನುವುದು ಸಾಲದು. ಆ ಮನೆಯ ಗೋಡೆ ಮೇಲೇ ಚಿತ್ತಾರ ಇದ್ದರೆ ಮಾತು ಬೇರೆ, ಆಗ ಅದರ ಒಂದು ಚೂರನ್ನು ಗೋಡೆಯ ತುಂಡಿನಲ್ಲಿ ಕಸೂತಿ ಮಾಡಿ, ಗೆರೆ ಬಂದಲ್ಲಿ ಅದೂ ಮುರಿಯಲಿ.

ಬಾರ್ಡರೇ ಬೇಡ ಎಂಬುದು ನನ್ನ ಅಭಿಪ್ರಾಯ. ಚೌಕಟ್ಟು ಬಿಗಿದ ಕೂಡಲೇ ಹೊರಕ್ಕೆ ಓಡುವ ಗೆರೆಗಳೆಲ್ಲ ಅಲ್ಲಿಗೆ ನಿಂತುಬಿಡುತ್ತವೆ.

ಬಾಬಿನ್, ಭದ್ರಾವತಿ

ಬಾರ್ಡರ್ ಇಲ್ಲದೆ ಮುಗಿಸಲು 2½ ಇಂಚಿನ ಪಟ್ಟಿಯನ್ನು ಮುಂಬದಿಗೆ ಹೊಲಿದು ಪೂರ್ತಿ ಹಿಂದಕ್ಕೆ ಮಡಚಿ ಕೈಹೊಲಿಗೆ ಹಾಕಿ. ಮುಂದೆ ಪಟ್ಟಿ ಕಾಣುವುದೇ ಇಲ್ಲ. ಸುತ್ತಳತೆ 120 ಇಂಚು, ಮೂಲೆ ಮತ್ತು ಜೋಡಣೆಗೆ ಇನ್ನೊಂದು 12. ಪನ್ನ 44 ಆದರೆ ಮೂರು ಪಟ್ಟಿಗೆ ಲೆಕ್ಕ ಸರಿಹೋದಂತೆ ಕಂಡರೂ ಜೋಡಣೆಯಲ್ಲಿ ಗಿಡ್ಡ ಬೀಳುತ್ತದೆ, ನಾಲ್ಕು ಕತ್ತರಿಸಿ. ಕಾಲು ಇಂಚು ಹೊಲಿಗೆ ಅಂಚು ಬಿಟ್ಟು 24½×36½ಕ್ಕೆ ಕತ್ತರಿಸುವುದು ಕೈಹೊಲಿಗೆಯೆಲ್ಲ ಮುಗಿದ ಮೇಲೆ, ಮೊದಲೇ ಅಲ್ಲ.

ತೂಗುಹಾಕಲು ಹಿಂದೆ ಮೇಲ್ತುದಿಗೆ ತೋಳಿನ ಹಾಗೆ ಬಟ್ಟೆಯ ಕೊಳವೆ. 8½×24 ಇಂಚಿನ ತುಂಡು, ಎರಡೂ ತುದಿ ಮಡಚಿ ಹೊಲಿದು, ಉದ್ದಕ್ಕೆ ಕೊಳವೆ ಮಾಡಿದರೆ ಸುಮಾರು 4 ಇಂಚು ಅಗಲ ಬರುತ್ತದೆ. ಹೊಲಿಗೆ ಹಿಂಬದಿಯ ಎರಡು ಪದರಕ್ಕೆ ಮಾತ್ರ ಸಿಗಲಿ, ಮುಂದಕ್ಕೆ ಬರಬಾರದು. ಒಳಗೆ 23½ ಇಂಚಿನ ಅಲ್ಯೂಮಿನಿಯಂ ಪಟ್ಟಿ. ಬಿದಿರು ಚೆಂದ ಕಾಣುತ್ತದೆ, ಆದರೆ ಕುಟ್ಟೆಹುಳ ಹೊಕ್ಕು ಪುಡಿ ಉದುರಿಸುತ್ತದೆ. ಮರವೇ ಬೇಕಾದರೆ ವಾರ್ನಿಷ್ ಬಳಿದು ಪೂರ್ತಿ ಒಣಗಿದ ಮೇಲೆ ಹಾಕಿ.

ಚೊಗರು, ಹೊಸನಗರ

ಬೂಸ್ಟಿನ ಪ್ರಶ್ನೆಗೆ. ಹೊರಗೋಡೆ ಬಿಟ್ಟು ಒಳಗೋಡೆಗೆ ಹಾಕಿ. ಮಳೆ ಬಡಿಯುವ ಕಡೆಯ ಕಲ್ಲು, ಮಣ್ಣಿನ ಗೋಡೆ ಶ್ರಾವಣದವರೆಗೂ ಬೆವರುತ್ತದೆ. ಪಟ್ಟಿಯ ಎರಡು ತುದಿಗೂ, ಕೆಳಗಿನ ಮೂಲೆಗಳಿಗೂ ಒಂದೊಂದು ಮರದ ತುಂಡು ಕೊಟ್ಟು ಗೋಡೆಯಿಂದ 2 ಸೆಂ.ಮೀ. ದೂರ ಇರಲಿ, ಹಿಂದೆ ಗಾಳಿ ಆಡಬೇಕು. ಗಾಜಿನ ಚೌಕಟ್ಟಿನೊಳಗೆ ಮುಚ್ಚಿದರೆ ಒಳಗೇ ತೇವ ಕೂತು ಬೂಸ್ಟು ಬೇಗ ಬರುತ್ತದೆ. ನೇರ ಬಿಸಿಲೂ ಬೇಡ, ಚೊಗರಿನ ಬಣ್ಣ ಇನ್ನಷ್ಟು ಕಂದಾಗುತ್ತದೆ. ಒಗೆಯಬೇಡಿ, ಧೂಳಿಗೆ ಸೊಳ್ಳೆಪರದೆಯ ತುಂಡು ಹೊದಿಸಿ ಅದರ ಮೇಲಿಂದ ವ್ಯಾಕ್ಯೂಮ್ ಹಿಡಿಯಿರಿ.

ಕೆಲಸ ಅರ್ಧದಲ್ಲಿದ್ದಾಗ ಮಳೆ ಹಿಡಿದರೆ ಗುಂಡುಪಿನ್ನುಗಳನ್ನೆಲ್ಲ ತೆಗೆದು ಕಚ್ಚಾ ಹೊಲಿಗೆ ಹಾಕಿಡಿ. ಚೊಗರು ಬಟ್ಟೆಯಲ್ಲಿ ಪಿನ್ನು ನಾಲ್ಕು ದಿನ ಉಳಿದರೂ ತುಕ್ಕು ಟ್ಯಾನಿನ್ನಿಗೆ ಸೇರಿ ಕಪ್ಪು ಚುಕ್ಕೆ ಕೂರುತ್ತದೆ, ಅನ್ನಭೇದಿಯಲ್ಲಿ ಆದದ್ದೇ ಇಲ್ಲೂ. ಒಗೆದರೆ ಹೋಗುವಂಥದ್ದಲ್ಲ, ಆ ತುಂಡನ್ನು ಬಿಚ್ಚಿ ಬೇರೆ ಹಾಕಬೇಕು. ಅದಕ್ಕೆ ಪ್ರತಿ ಛಾಯೆಯಲ್ಲೂ ಒಂದು ಗೇಣು ಬಟ್ಟೆ ಉಳಿಸಿಕೊಳ್ಳಿ.